ನಮ್ಮ ತಂಡ ಮತ್ತು ಮೆಣಸಿನ ಕಾಕಾ

ವಚನವಿಚಾರ, ಶರಣಚರಿತೆ, ಮಠಗಳ ಸಮಾಚಾರಗಳನ್ನು ಹೊತ್ತು ತಿಂಗಳಿಗೊಮ್ಮೆ ಮನೆಗೆ ಬರುವ ಈ ಪತ್ರಿಕೆಯಲ್ಲಿ ಕಾಲ್ಚೆಂಡಾಟದ ಮಾತೇಕೆ ಎಂದು ಓದುಗ ಬಂಧುಗಳು ಕೇಳಿದರೆ ಅದು ಸಹಜವೇ. ಸಂಜೆಯ ಇಷ್ಟಲಿಂಗಪೂಜೆ ಮುಗಿಸಿ, ಪ್ರಸಾದ ಸ್ವೀಕರಿಸಿ, ಬಳಿಕ ಟೆಲಿವಿಷನ್ ಮುಂದೆ ಕುಳಿತು ನಾವು ಇದ್ದಕ್ಕಿದ್ದಂತೆ ಕೂಗಿಕೊಳ್ಳುವುದು ನಮ್ಮ ಬಂಧುವರ್ಗದಲ್ಲಿ ಹಳೆಯ ನಗೆಮಾತು. ಬರೀ ಸೋಲು ಗೆಲುವಿನ ವಿಚಾರವಾಗಿದ್ದರೆ ಅದಕ್ಕೆ ದಿನಪತ್ರಿಕೆಗಳ ಕ್ರೀಡಾಪುಟಗಳಿವೆ, ನಾವು ಲೇಖನಿ ಹಿಡಿಯಬೇಕಾಗಿರಲಿಲ್ಲ. ಆ ಆಟದ ಅಭಿಮಾನದಿಂದ ನಾವು ಮೂವತ್ತು ವರ್ಷಗಳ ಸ್ನೇಹವೊಂದನ್ನು ಕೆಡಿಸಿಕೊಂಡು ಎರಡೂವರೆ ವರ್ಷ ಕಳೆದೆವು. ಅದನ್ನು ಹೇಳಬೇಕಾದರೆ ಆಟವನ್ನೂ ಹೇಳಲೇಬೇಕು.

ಸಕಲೇಶಪುರ, ಆಲೂರು ಸೀಮೆಯನ್ನು ಬಲ್ಲವರಿಗೆ ತಿಳಿದಿರುವಂತೆ ಇಲ್ಲಿ ಸಮತಟ್ಟಾದ ನೆಲವೇ ಅಪರೂಪ. ಇದ್ದರೆ ಅದು ಗದ್ದೆಯಾಗಿರುತ್ತದೆ, ಇಲ್ಲವೇ ಕಾಫಿ ಒಣಗಿಸುವ ಕಣವಾಗಿರುತ್ತದೆ. ನಮ್ಮ ಹುಡುಗರು ಕಣದಲ್ಲಿ ಕ್ರಿಕೆಟ್ ಆಡಿದರು, ಶಾಲೆಯ ಅಂಗಳದಲ್ಲಿ ವಾಲಿಬಾಲ್ ಆಡಿದರು. ಫುಟ್‌ಬಾಲ್ ಎಂದರೆ ಬಂಗಾಳದವರದು, ಗೋವೆಯವರದು, ಘಟ್ಟದ ಕೆಳಗಿನ ಕೇರಳದವರದು ಎಂಬುದೇ ನಮ್ಮೆಲ್ಲರ ತಿಳಿವಳಿಕೆಯಾಗಿತ್ತು. 2013ರಲ್ಲಿ ಬೆಂಗಳೂರು ಎಫ್.ಸಿ. ಎಂಬ ಕ್ಲಬ್ಬು ಹುಟ್ಟಿ, ಮೊದಲ ವರ್ಷವೇ ಐ-ಲೀಗ್ ಗೆದ್ದಾಗ ಅಲ್ಲಿ ಉದ್ಯೋಗದಲ್ಲಿದ್ದ ನಮ್ಮ ಮಗ ‘ಅಪ್ಪಾಜಿ, ಒಮ್ಮೆ ಬಂದು ನೋಡಿ’ ಎಂದು ಒತ್ತಾಯಿಸಿದ. ತೋಟಕ್ಕೆ ಗೊಬ್ಬರ ಹಾಕಿಸಿ ಬಿಡುವಾದ ಒಂದು ವಾರ ಹೋದೆವು. ಹೋದವರು ಅಲ್ಲಿಯೇ ಸಿಕ್ಕಿಕೊಂಡೆವು.

ನಾವು ಕಣ್ಣಾರೆ ಕಂಡವುಗಳಲ್ಲಿ 2016ರ ಅಕ್ಟೋಬರ್ 19ರ ರಾತ್ರಿಯೇ ಹಿರಿದು. ಮಲೇಷ್ಯಾದ ಜೊಹೋರ್ ತಂಡವು ಹಿಂದಿನ ವರ್ಷದ ಎ.ಎಫ್.ಸಿ. ಕಪ್ ವಿಜೇತ ತಂಡ. ಅದನ್ನು ನಮ್ಮವರು ಕಂಠೀರವ ಕ್ರೀಡಾಂಗಣದಲ್ಲಿ 3–1ರಿಂದ ಸೋಲಿಸಿ ಅಂತಿಮ ಪಂದ್ಯಕ್ಕೆ ನಡೆದರು. ಆ ಸ್ಪರ್ಧೆಯಲ್ಲಿ ಅಷ್ಟು ದೂರ ಹೋದ ಮೊದಲ ಭಾರತೀಯ ಕ್ಲಬ್ಬು ಅದು. ಮೊದಲು ಒಂದು ಗೋಲು ಬಿಟ್ಟುಕೊಟ್ಟು, ಅನಂತರ ಸುನಿಲ್ ಛೆಟ್ರಿ ಎರಡು ಗೋಲು ಹೊಡೆದಾಗ ಪಕ್ಕದಲ್ಲಿ ಕುಳಿತಿದ್ದ ಅಪರಿಚಿತ ತರುಣನೊಬ್ಬ ನಮ್ಮನ್ನು ಎತ್ತಿಯೇಬಿಟ್ಟ. ನಮ್ಮ ಹಣೆಯ ವಿಭೂತಿ ಅವನ ನೀಲಿ ಅಂಗಿಗೆ ಹತ್ತಿತು. ನವೆಂಬರ್ 5ರಂದು ದೋಹಾದಲ್ಲಿ ಇರಾಕಿನ ತಂಡಕ್ಕೆ ಒಂದೇ ಗೋಲಿನಿಂದ ಸೋತರು ಎಂಬುದು ನಿಜ. ಆದರೆ ಆ ಅಕ್ಟೋಬರಿನ ರಾತ್ರಿ ಮೆಜೆಸ್ಟಿಕ್ಕಿನಿಂದ ಬಸ್ಸು ಹತ್ತಿ, ನೆಲಮಂಗಲ, ಕುಣಿಗಲ್, ಹಾಸನ ದಾಟಿ ಬೆಳಗಿನ ಜಾವ ಮಂಜಿನಲ್ಲಿ ಆಲೂರು ತಲುಪುವವರೆಗೆ ನಮಗೆ ನಿದ್ರೆ ಬರಲಿಲ್ಲ.

ಆ ಮೇಲೆ ಹಳೆಯ ಸಂಗತಿಗಳನ್ನು ಕೇಳಿ ಓದಿ ತಿಳಿದುಕೊಂಡೆವು. ಕಾಲ್ಚೆಂಡು ನಮ್ಮ ನಾಡಿಗೆ ಅನ್ಯವೆಂದು ನಾವು ಭಾವಿಸಿದ್ದು ನಮ್ಮ ಅಜ್ಞಾನವೇ ಸರಿ. ಬೆಂಗಳೂರು ಮುಸ್ಲಿಮ್ಸ್ ತಂಡವು 1937ರಲ್ಲಿಯೂ 1938ರಲ್ಲಿಯೂ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಕಲಕತ್ತೆಯ ಈಸ್ಟ್ ಬೆಂಗಾಲ್ ತಂಡದಲ್ಲಿ ‘ಪಂಚ ಪಾಂಡವರು’ ಎಂದು ಹೆಸರಾದ ಐವರಲ್ಲಿ ಅಹಮದ್ ಖಾನ್ ಬೆಂಗಳೂರಿನವರೇ. ಮೈಸೂರು ರಾಜ್ಯದ ತಂಡ 1946–47, 1952–53, 1967–68, 1968–69ರಲ್ಲಿ ನಾಲ್ಕು ಬಾರಿ ಸಂತೋಷ್ ಟ್ರೋಫಿಯನ್ನು ತಂದಿತ್ತು. ಹಲಸೂರಿನ ಹತ್ತಿರದ ಗೌತಮಪುರದಲ್ಲಿ ಬ್ರೆಜಿಲ್ಲಿನ ಪೆಲೆಯ ಪ್ರತಿಮೆಯೇ ಇದೆ. ನಾವು ಹೋಗಿ ನೋಡಿದಾಗ ಅದರ ಕೊರಳಲ್ಲಿ ಹೂವಿನ ಹಾರವಿತ್ತು.

ಇನ್ನು ಕಾಕಾನ ವಿಚಾರ. ಆತನ ಅಜ್ಜ ಕಣ್ಣೂರಿನ ಕಡೆಯಿಂದ ಘಟ್ಟ ಹತ್ತಿ ಬಂದು ಪೇಟೆಯಲ್ಲಿ ಕಾಳುಮೆಣಸಿನ ವ್ಯಾಪಾರ ಹೂಡಿದವರು. ಮೂವತ್ತು ವರ್ಷ ನಮ್ಮ ತೋಟದ ಮೆಣಸನ್ನು ಆತನಲ್ಲದೆ ಬೇರೊಬ್ಬರು ತೂಗಿದ್ದಿಲ್ಲ. ಚೀಲದೊಳಗೆ ಕೈ ಇಳಿಸಿ, ತಳದಿಂದ ನಾಲ್ಕು ಕಾಳು ತೆಗೆದು, ಒಂದನ್ನು ಹಲ್ಲಿನಲ್ಲಿ ಕಡಿದು ‘ಇನ್ನೊಂದು ಬಿಸಿಲು ಬೇಕು ಸಾಹುಕಾರ್ರೇ’ ಎಂದರೆ ಅದೇ ಕೊನೆಯ ಮಾತು, ಯಂತ್ರದ ಪರೀಕ್ಷೆ ಬೇಕಿರಲಿಲ್ಲ. ನಮ್ಮ ತಾಯಿ ಲಿಂಗೈಕ್ಯರಾದಾಗ ಊರವರಿಗಿಂತ ಮೊದಲು ಬಂದು ಅಂಗಳದಲ್ಲಿ ನಿಂತಿದ್ದವನು ಆತ. ಆತನ ಮನೆಯ ಹಬ್ಬಕ್ಕೆ ನಮಗೆಂದೇ ಹಣ್ಣು, ಸಿಹಿತಿಂಡಿ ಬೇರೆಯಾಗಿ ಬರುತ್ತಿತ್ತು.

ಆತ ಹುಟ್ಟಾ ಕಾಲ್ಚೆಂಡಿನ ಅಭಿಮಾನಿ. ಕೇರಳ ಬ್ಲಾಸ್ಟರ್ಸ್ ಎಂದರೆ ಪ್ರಾಣ. ಅಂಗಡಿಯ ಗೋಡೆಯಲ್ಲಿ ಕ್ಯಾಲೆಂಡರಿನ ಪಕ್ಕದಲ್ಲೇ ಹಳದಿ ಶಾಲು ತೂಗುಹಾಕಿದ್ದ. 2017ರಲ್ಲಿ ನಮ್ಮ ಕ್ಲಬ್ಬು ಇಂಡಿಯನ್ ಸೂಪರ್ ಲೀಗ್ ಸೇರಿದ ಮೇಲೆ ನಮ್ಮಿಬ್ಬರಿಗೆ ಮಾತಿಗೆ ಕೊರತೆಯೇ ಇರಲಿಲ್ಲ. ನಾವು 2019ರ ಮಾರ್ಚ್ 17ರ ಮಾತೆತ್ತುವುದು, ಅಂದರೆ ಮುಂಬಯಿಯಲ್ಲಿ ಗೋವಾ ತಂಡವನ್ನು ಹೆಚ್ಚುವರಿ ಅವಧಿಯಲ್ಲಿ ರಾಹುಲ್ ಭೇಕೆಯ ತಲೆಗೋಲಿನಿಂದ ಸೋಲಿಸಿ ಕಪ್ಪು ತಂದ ದಿನದ ಮಾತು. ಆತ ಅದಕ್ಕೆ ಸರಿಯಾಗಿ ಒಂದು ವರ್ಷ ಹಿಂದಿನ ಮಾರ್ಚ್ 17ನ್ನು ನೆನಪಿಸುವುದು. ಅಂದು ನಮ್ಮ ಕಂಠೀರವದಲ್ಲಿಯೇ, ನಮ್ಮ ಜನರ ಮುಂದೆಯೇ, ಚೆನ್ನೈಯಿನ್ ತಂಡ ಎರಡು ಕಾರ್ನರ್ ಕಿಕ್‌ಗಳಲ್ಲಿ ಎರಡು ತಲೆಗೋಲು ಹೊಡೆದು 3–2ರಿಂದ ಕಪ್ಪು ಕೊಂಡೊಯ್ದಿತ್ತು. ‘ನಿಮ್ಮವರು ಕಾರ್ನರ್ ಬಂದರೆ ಆಕಾಶ ನೋಡ್ತಾರೆ’ ಎನ್ನುತ್ತಿದ್ದ. ಅದು ಸುಳ್ಳೆನ್ನಲು ನಮಗೆ ಬಾಯಿ ಬರುತ್ತಿರಲಿಲ್ಲ.

ಇದೆಲ್ಲ ನಗೆಯಲ್ಲಿ ನಡೆಯುತ್ತಿತ್ತು. 2022ರ ಏಪ್ರಿಲ್‌ನಲ್ಲಿ ಮಂಜೇರಿಯಲ್ಲಿ ಸಂತೋಷ್ ಟ್ರೋಫಿಯ ಸೆಮಿಫೈನಲ್ ನಡೆದು ಕೇರಳವು ಕರ್ನಾಟಕವನ್ನು 7–3ರಿಂದ ಹೊಡೆದಾಗ ಆತ ಫೋನು ಮಾಡಿ ಏಳರ ಮಗ್ಗಿ ಹೇಳಿಸಿದ್ದ. ನಾವೂ ನಕ್ಕೆವು. ಆದರೆ ಮನಸ್ಸಿನ ಮೂಲೆಯಲ್ಲಿ ಎಲ್ಲಿಯೋ ಅದು ಉಳಿದಿತ್ತೆಂದು ಈಗ ಅನಿಸುತ್ತದೆ.

2023ರ ಮಾರ್ಚ್ 3, ಶುಕ್ರವಾರ. ರೊಬಸ್ಟಾ ಗಿಡಗಳಿಗೆ ಹೂವಿಗೆಂದು ಸ್ಪ್ರಿಂಕ್ಲರ್ ನೀರು ಕೊಟ್ಟು, ಕಣದ ಮೆಣಸಿಗೆ ಟಾರ್ಪಾಲು ಮುಚ್ಚಿಸಿ ಮನೆ ಸೇರಿದ್ದೆವು. ಆನೆ ತೋಟದ ಕೆಳಗಿನ ಹಳ್ಳದಲ್ಲಿದೆ ಎಂದು ಅರಣ್ಯ ಇಲಾಖೆಯ ಸಂದೇಶ ಬಂದಿದ್ದರಿಂದ ಯಾರೂ ಹೊರಗೆ ಹೋಗುವಂತಿರಲಿಲ್ಲ. ಕಂಠೀರವದಲ್ಲಿ ನಮಗೂ ಬ್ಲಾಸ್ಟರ್ಸ್‌ಗೂ ನಾಕೌಟ್ ಪಂದ್ಯ. ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಅವಧಿಯ ಆರಂಭದಲ್ಲಿ ನಮಗೊಂದು ಫ್ರೀ ಕಿಕ್ ದೊರೆಯಿತು. ಕೇರಳದವರು ಇನ್ನೂ ಗೋಡೆ ಕಟ್ಟಿಕೊಳ್ಳುತ್ತಿರುವಾಗಲೇ ಛೆಟ್ರಿ ಚೆಂಡನ್ನು ಮೆಲ್ಲಗೆ ಬಲೆಯೊಳಗೆ ಎತ್ತಿಹಾಕಿದರು. ರೆಫರಿ ಗೋಲೆಂದರು. ಕೇರಳದ ತರಬೇತುದಾರ ತನ್ನ ಆಟಗಾರರನ್ನೆಲ್ಲ ಮೈದಾನದಿಂದ ಹೊರಗೆ ಕರೆದುಕೊಂಡು ಹೋದರು. ಅವರು ಮರಳಿ ಬರಲಿಲ್ಲ. ಕಾದು ಕಾದು ನಮ್ಮ ತಂಡವೇ ಗೆದ್ದಿತೆಂದು ಸಾರಿದರು. ಅನಂತರ ಒಕ್ಕೂಟವು ಕೇರಳ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ ಹಾಕಿ, ಆ ತರಬೇತುದಾರನನ್ನು ಹತ್ತು ಪಂದ್ಯಗಳಿಂದ ದೂರವಿಟ್ಟಿತು.

ಆ ಗೋಲು ನ್ಯಾಯವಾದದ್ದೇ? ಎದುರಾಳಿ ಸಿದ್ಧನಾಗುವವರೆಗೆ ಕಾಯಬೇಕೆಂದು ಆಟದ ನಿಯಮ ಹೇಳುವುದಿಲ್ಲ. ಅಷ್ಟರ ಮಟ್ಟಿಗೆ ಅದು ಸರಿಯೇ. ಆದರೂ ಪಾಲು ಪಂಚಾಯಿತಿಯಲ್ಲಿ ದಾಖಲೆಯ ಬಲದಿಂದ ಗೆದ್ದ ಅಣ್ಣನ ಮುಖದಲ್ಲಿ ಇರುವಂಥ ಗೆಲುವು ಅದಾಗಿತ್ತು. ಇದು ನಮಗೆ ಇಂದು ಹೊಳೆಯುವ ಮಾತು. ಅಂದು ರಾತ್ರಿ ಹೊಳೆಯಲಿಲ್ಲ.

ಅಂದು ನಾವು ಮಾಡಿದ್ದಿಷ್ಟು. ಹನ್ನೊಂದು ಗಂಟೆಗೆ ಕಾಕಾನಿಗೆ ಫೋನು ಮಾಡಿದೆವು. 2014, 2016, 2022, ಮೂರು ಬಾರಿ ಅಂತಿಮ ಪಂದ್ಯಕ್ಕೆ ಹೋಗಿ ಮೂರು ಬಾರಿಯೂ ಬರಿಗೈಯಲ್ಲಿ ಬಂದವರು ಈಗ ಆಡುವುದನ್ನೂ ಬಿಟ್ಟು ಓಡಿದರೆಂದೆವು. ಅಲ್ಲಿಗೇ ನಿಲ್ಲಿಸಬಹುದಿತ್ತು. ‘ಬೇರೆಯವರ ನೆಲಕ್ಕೆ ಬಂದು ಬದುಕುವವರಿಗೆ ಇಷ್ಟು ಸೊಕ್ಕು ಇರಬಾರದು’ ಎಂದುಬಿಟ್ಟೆವು. ಆಟದ ತಂಡದ ಬಗ್ಗೆ ಆಡಿದ್ದೆಂದು ಆಮೇಲೆ ಎಷ್ಟೋ ಬಾರಿ ಮನಸ್ಸಿಗೆ ಸಮಜಾಯಿಷಿ ಹೇಳಿಕೊಂಡೆವು. ಆಗ ಆತ ಏನೂ ಅನ್ನಲಿಲ್ಲ. ‘ಆಯ್ತು ಸಾಹುಕಾರ್ರೇ, ಮಲಗಿ’ ಎಂದು ಫೋನಿಟ್ಟ. ಒಳಗಿನಿಂದ ನಮ್ಮ ಮನೆಯವರು ಬಂದು, ಯಾರಿಗೆ ಹಾಗೆ ಮಾತನಾಡಿದಿರಿ ಎಂದು ಕೇಳಿದರು. ಹೇಳಲಿಲ್ಲ.

ಮರುದಿನ, ಮಾರ್ಚ್ 4ರ ಸಂಜೆ, ನಾವು ಹಿಂದಿನ ರಾತ್ರಿಯ ಗೋಲನ್ನೇ ಮಗನ ಮೊಬೈಲಿನಲ್ಲಿ ಮತ್ತೆ ಮತ್ತೆ ನೋಡುತ್ತಿದ್ದೆವು. ಅದೇ ಹೊತ್ತಿಗೆ ಸೌದಿ ಅರೇಬಿಯಾದ ರಿಯಾದ್ ನಗರದಲ್ಲಿ ಕರ್ನಾಟಕ ತಂಡವು ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಎತ್ತುತ್ತಿತ್ತು. 1968–69ರ ಮೇಲೆ ಐವತ್ತನಾಲ್ಕು ವರ್ಷಗಳಿಗೆ ಬಂದ ಕಪ್ಪು. ಮೈಸೂರು ಎಂಬ ಹೆಸರು ಕರ್ನಾಟಕವಾದ ಮೇಲೆ ಬಂದ ಮೊದಲ ಕಪ್ಪು. ನಾವು ಅದನ್ನು ನೋಡಲಿಲ್ಲ. ನಡೆಯುತ್ತಿದೆ ಎಂಬುದೇ ನೆನಪಿರಲಿಲ್ಲ. ಭಾನುವಾರದ ಪತ್ರಿಕೆಯಲ್ಲಿ ಓದಿ ತಿಳಿದೆವು. ಗೋಲು ಹೊಡೆದವರು ಸುನಿಲ್ ಕುಮಾರ್, ಬೆಕೆ ಓರಾಮ್, ರಾಬಿನ್ ಯಾದವ್.

ನಮ್ಮ ತೋಟದ ಲೈನಿನಲ್ಲಿ ಅಸ್ಸಾಮಿನ ಕಡೆಯಿಂದ ದುಡಿಯಲು ಬಂದ ಹುಡುಗರಿದ್ದಾರೆ. ಭಾನುವಾರ ಕೊಯ್ಲಾದ ಗದ್ದೆಯಲ್ಲಿ ಎರಡು ಬಿದಿರು ಗಳ ನೆಟ್ಟು ಬರಿಗಾಲಿನಲ್ಲಿ ಚೆಂಡಾಡುತ್ತಾರೆ. ಅಂದು ಅವರ ಮುಂದೆ ಪತ್ರಿಕೆಯ ಆ ಹೆಸರುಗಳನ್ನು ಓದಿದೆವು. ಅವರಲ್ಲೊಬ್ಬ ಚೆಂಡನ್ನು ಕಂಕುಳಲ್ಲಿಟ್ಟುಕೊಂಡು, ‘ಓರಾಮ್ ನಮ್ಮ ಜನರ ಹೆಸರು’ ಎಂದ. ಮುಖ ಅರಳಿತ್ತು. ಕರ್ನಾಟಕ ಗೆದ್ದಿತೆಂದು ನಮ್ಮ ಬೆಟ್ಟದಲ್ಲಿ ಮೊದಲು ಸಂತೋಷಪಟ್ಟವನು ಕನ್ನಡವನ್ನು ಆಗತಾನೇ ಕಲಿಯುತ್ತಿದ್ದ ಆ ಹುಡುಗ. ಬೇರೆಯವರ ನೆಲಕ್ಕೆ ಬಂದು ಬದುಕುವವನು. ನಮ್ಮವರು ಯಾರು, ಅನ್ಯರು ಯಾರು ಎಂಬ ಪ್ರಶ್ನೆಗೆ ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿಯೇ ಕೊಟ್ಟ ಉತ್ತರವನ್ನು ನಮ್ಮ ಮನೆಯ ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ಬಸವ ಜಯಂತಿಯ ವೇದಿಕೆಯಲ್ಲಿ ನಾವೇ ಅದರ ಅರ್ಥ ಹೇಳಿದ್ದೇವೆ. ಅಂದು ಗದ್ದೆಯ ಬದುವಿನಲ್ಲಿ ನಿಂತು ಪತ್ರಿಕೆಯನ್ನು ಮಡಿಸಿಟ್ಟುಕೊಂಡೆವು.

ಆ ವರ್ಷ ಮೆಣಸಿಗೆ ಕಾಕಾ ಬರಲಿಲ್ಲ. ನಾವೂ ಕರೆಯಲಿಲ್ಲ. ಕರೆಯಬೇಕೆಂದು ಪ್ರತಿ ಸೋಮವಾರ ನಿಶ್ಚಯಿಸುವುದು, ಪೇಟೆಗೆ ಹೋದರೂ ಆ ಅಂಗಡಿಯ ಬೀದಿಯನ್ನು ಬಿಟ್ಟು ಸುತ್ತಿ ಬರುವುದು, ಹೀಗೆ ನಡೆಯಿತು. ಹಾಸನದಿಂದ ಬಂದ ಬೇರೊಬ್ಬ ವ್ಯಾಪಾರಿ ಯಂತ್ರದಲ್ಲಿ ತೇವಾಂಶ ನೋಡಿ, ಅರ್ಧದಷ್ಟು ಮಾಲನ್ನು ಮಾತ್ರ ಒಯ್ದ. ಉಳಿದದ್ದು ಗೋದಾಮಿನಲ್ಲಿ ಬಿದ್ದಿತ್ತು.

ಆ ಬಳಿಕ ನಮ್ಮ ತಂಡಕ್ಕೂ ಒಳ್ಳೆಯ ದಿನಗಳು ಬರಲಿಲ್ಲ. ಆ ತಿಂಗಳೇ ಅಂತಿಮ ಪಂದ್ಯದಲ್ಲಿ ಮೋಹನ್ ಬಾಗಾನಿಗೆ ಪೆನಾಲ್ಟಿಗಳಲ್ಲಿ ಸೋತರು. 2023–24ರಲ್ಲಿ ಹನ್ನೆರಡು ತಂಡಗಳ ನಡುವೆ ಹತ್ತನೆಯವರಾದರು. ಆ ಚಳಿಗಾಲದ ಒಂದೊಂದು ಸೋಲೂ ನಮಗೆ ಎರಡು ಪಟ್ಟು ಭಾರವಾಗಿತ್ತು. ನಮ್ಮನ್ನು ಹಂಗಿಸಲು ಯಾರೂ ಇರಲಿಲ್ಲವಲ್ಲ! ಹಂಗಿಸುವವನಿಲ್ಲದ ಸೋಲು ಎಷ್ಟು ಒಂಟಿಯೆಂಬುದು ಅನುಭವಿಸಿದವರಿಗೇ ಗೊತ್ತು. 2024ರ ಡಿಸೆಂಬರ್ 7ರಂದು ನಲವತ್ತು ವರ್ಷದ ಛೆಟ್ರಿ ಬ್ಲಾಸ್ಟರ್ಸ್ ವಿರುದ್ಧವೇ ಮೂರು ಗೋಲು ಹೊಡೆದು 4–2ರಿಂದ ಗೆಲ್ಲಿಸಿದಾಗ ಕೈ ಫೋನಿಗೆ ಹೋಯಿತು. ಹೋಗಿ ಹಿಂದೆ ಬಂತು.

ತಂಡದ ಭವಿಷ್ಯದ ಬಗ್ಗೆ ನಮ್ಮ ಅಭಿಪ್ರಾಯವನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಬೆಂಗಳೂರು ತಂಡವು ಒಂದೇ ಮರದ ನೆರಳನ್ನು ನಂಬಿದ ತೋಟದಂತಿದೆ. 2024–25ರಲ್ಲಿ ಆ ನಲವತ್ತರ ಮನುಷ್ಯನೇ 14 ಗೋಲು ಹೊಡೆಯಬೇಕಾಯಿತು. ಗೋವಾ ವಿರುದ್ಧದ ಸೆಮಿಫೈನಲ್‌ನಲ್ಲಿ ಕೊನೆಯ ಗಳಿಗೆಯ ಗೋಲೂ ಆತನದೇ. ಮುಂಬಯಿಯನ್ನು 5–0ರಿಂದ ಉರುಳಿಸಿದ ತಂಡ 2025ರ ಏಪ್ರಿಲ್ 12ರಂದು ಕಲಕತ್ತೆಯಲ್ಲಿ ಮೊದಲು ಗೋಲು ಪಡೆದೂ ಮೋಹನ್ ಬಾಗಾನಿಗೆ 2–1ರಿಂದ ಸೋತಿತು. 1889ರಲ್ಲಿ ಹುಟ್ಟಿದ, 1911ರಲ್ಲಿ ಬರಿಗಾಲಿನಲ್ಲಿ ಆಂಗ್ಲರ ಪಲ್ಟನ್ನನ್ನು ಗೆದ್ದ ಕ್ಲಬ್ಬಿಗೆ ಸೋಲುವುದು ಅವಮಾನವಲ್ಲ. ಆದರೆ ಅವರ ಬೆಂಚಿನಿಂದ ಎದ್ದು ಬರುವವನು ನಮ್ಮ ಮೊದಲ ಹನ್ನೊಂದರಲ್ಲಿ ನಿಲ್ಲಬಲ್ಲವನಾಗಿರುತ್ತಾನೆ. ಅಂತರ ಇರುವುದು ಅಲ್ಲಿ. ಹಣ ಸುರಿದು ವಿದೇಶಿಯರನ್ನು ತಂದು ಆ ಅಂತರ ಮುಚ್ಚಲಾಗದು. ಬಳ್ಳಾರಿ ಸೀಮೆಯ ತಮ್ಮ ವಸತಿ ಶಾಲೆಯಲ್ಲಿ ಬೆಳೆಸುವ ಹುಡುಗರಿಗೆ ದೊಡ್ಡ ಪಂದ್ಯಗಳಲ್ಲಿ ಧೈರ್ಯವಾಗಿ ಸ್ಥಾನ ಕೊಡಬೇಕು. ರೊಬಸ್ಟಾ ಸಸಿ ನೆಟ್ಟವನು ಫಸಲಿಗೆ ನಾಲ್ಕೈದು ವರ್ಷ ಕಾಯುತ್ತಾನೆ, ಕ್ಲಬ್ಬಿನವರು ನಾಲ್ಕೈದು ಪಂದ್ಯ ಕಾಯುವುದಿಲ್ಲ. ಎದುರಾಳಿಗಳ ಪೈಕಿ ಗೋವೆಯವರ ಆಟ ಕಣ್ಣಿಗೆ ಹಬ್ಬ, ಅವರನ್ನು ಕಂಡರೆ ನಮಗೆ ಭಯವೂ ಗೌರವವೂ ಇದೆ. ಚೆನ್ನೈಯವರನ್ನು 2018ಕ್ಕಾಗಿ ಇನ್ನೂ ಕ್ಷಮಿಸಿಲ್ಲ.

ಕೇರಳದ ಬಗ್ಗೆ ಒಂದು ಮಾತು ಬೇರೆಯಾಗಿ ಹೇಳಬೇಕು. 2017ರ ಮೇ ತಿಂಗಳಲ್ಲಿ ಕಟಕ್‌ನಲ್ಲಿ ಫೆಡರೇಷನ್ ಕಪ್ ಅಂತಿಮ ಪಂದ್ಯ ನಡೆದು ಮೋಹನ್ ಬಾಗಾನನ್ನು ಸೋಲಿಸಿದ ಎರಡೂ ಗೋಲುಗಳು ಸಿ.ಕೆ. ವಿನೀತ್ ಅವರವು. ಕಣ್ಣೂರು ಜಿಲ್ಲೆಯ ಹುಡುಗ. ಕಾಕಾನ ಅಜ್ಜನ ಸೀಮೆಯವರು. ಆ ಕಪ್ಪನ್ನು ‘ನಮ್ಮ ಕಪ್ಪು’ ಎಂದು ಎದೆಯುಬ್ಬಿಸಿ ಹೇಳಿಕೊಂಡವರು ನಾವೇ.

2025ರ ಜುಲೈಯಲ್ಲಿ ಲೀಗೇ ನಿಂತಿತೆಂಬ ಸುದ್ದಿ ಬಂತು. ಲೀಗು ನಡೆಸುವ ಸಂಸ್ಥೆಗೂ ಅಖಿಲ ಭಾರತ ಒಕ್ಕೂಟಕ್ಕೂ ಇದ್ದ ಒಪ್ಪಂದ ಮುಗಿಯುತ್ತಾ ಬಂದು, ಮುಂದಿನದು ಏನೆಂದು ಯಾರಿಗೂ ತಿಳಿಯದಾಯಿತು. ಆಗಸ್ಟಿನಲ್ಲಿ ನಮ್ಮ ಕ್ಲಬ್ಬು ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯಿತು. ಮುಂದೆ ಆ ಋತು 2026ರ ಫೆಬ್ರುವರಿಗೆ ಹೋಯಿತು. ಆಗ ಮಾತ್ರ ಕ್ಲಬ್ಬು ಉಳಿಯುತ್ತದೋ ಇಲ್ಲವೋ ಎಂಬ ಸ್ಥಿತಿಯಿತ್ತು. ಶ್ರಾವಣದ ಮಳೆ ಬಿಡದೆ ಹೊಯ್ಯುತ್ತಿತ್ತು. ಒಂದು ಮಧ್ಯಾಹ್ನ ಜೀಪಿನ ಸದ್ದಾಯಿತು. ಕೊಡೆ ಮಡಚುತ್ತಾ ಕಾಕಾ ಜಗುಲಿ ಹತ್ತಿದ. ಕೂದಲು ಪೂರಾ ಬೆಳ್ಳಗಾಗಿತ್ತು.

‘ನಿಮ್ಮ ಕ್ಲಬ್ಬು ಮುಚ್ಚುತ್ತಂತೆ, ಹೌದಾ ಸಾಹುಕಾರ್ರೇ?’ ಎಂದ.

‘ಗೊತ್ತಿಲ್ಲ ಕಾಕಾ.’

‘ನಮ್ಮದೂ ಹಾಗೇ ಹೇಳ್ತಿದ್ದಾರೆ.’ ಸ್ವಲ್ಪ ಹೊತ್ತು ಮಳೆ ನೋಡಿದ. ‘ನೀವಿಲ್ಲದಿದ್ರೆ ನಾವು ಯಾರನ್ನ ಬಯ್ಯೋದು?’

ಅಂದಿನ ರಾತ್ರಿಯ ಮಾತನ್ನು ನಾವೇ ಎತ್ತಿದೆವು. ತಪ್ಪಾಯಿತು ಎಂದೆವು. ಇನ್ನೇನೋ ಸೇರಿಸಹೊರಟಾಗ ಆತ ಕೈಯೆತ್ತಿ ತಡೆದ. ‘ಆ ಮಾತು ನನಗೆ ಹೊಸದಲ್ಲ, ಪೇಟೆಯಲ್ಲಿ ಬೇರೆಯವರ ಬಾಯಲ್ಲೂ ಕೇಳಿದ್ದೀನಿ. ನಿಮ್ಮ ಬಾಯಲ್ಲಿ ಕೇಳಿದ್ದು ಹೊಸದಾಗಿತ್ತು’ ಎಂದಷ್ಟೇ ಹೇಳಿ, ಒಳಗಿನಿಂದ ಬಂದ ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ತೆಗೆದುಕೊಂಡ.

ಬಳಿಕ ಗೋದಾಮಿಗೆ ಹೋದೆವು. 2023ರ ಚೀಲದ ಬಾಯಿ ಬಿಚ್ಚಿ ಕೈ ತಳಕ್ಕಿಳಿಸಿದ. ಒಂದು ಕಾಳು ಕಡಿದ. ಮುಖ ಸಿಂಡರಿಸಿದ.

‘ಇದನ್ನ ಯಾಕೆ ಇಷ್ಟು ವರ್ಷ ಇಟ್ಟುಕೊಂಡ್ರಿ?’

‘ತೂಗುವವರು ಬರಲಿಲ್ಲ.’

ಆತ ನಗಲಿಲ್ಲ. ಚೀಲವನ್ನು ತೂಕಕ್ಕೆ ಎಳೆಯುತ್ತಾ, ಲೀಗು ಶುರುವಾದರೆ ಕಂಠೀರವಕ್ಕೆ ಇಬ್ಬರೂ ಹೋಗೋಣವೆಂದೂ, ತಾನು ಮಾತ್ರ ಹಳದಿ ಶಾಲು ಹೊದ್ದೇ ಬರುವುದೆಂದೂ ಹೇಳಿದ. ಹಳದಿ ಶಾಲಿನವರಿಗೆ ನಮ್ಮ ಪಶ್ಚಿಮದ ಕಟ್ಟೆಯಲ್ಲಿ ಜಾಗವಿಲ್ಲ ಎಂದೆವು.

‘ಹಾಗಾದ್ರೆ ನೀವೇ ನಮ್ಮ ಕಡೆ ಬಂದು ಕೂರಿ’ ಎಂದು ತೂಕದ ಮುಳ್ಳಿನ ಕಡೆ ಬಾಗಿದ. ‘ನಲವತ್ತೆಂಟೂವರೆ. ಬರ್ಕೊಳ್ಳಿ.’